ಹಂಚಿನ ಮೇಲಿನ ಊರು

ನಮ್ಮ ಅಜ್ಜಿ ಮನೆ ಚಾವಡಿಗೆ ಮುಚ್ಚಿಗೆ ಇರ್ಲಿಲ್ಲ. ಅಂಗಾತ ಮಲಗಿ ಮೇಲೆ ನೋಡಿದ್ರೆ ಪಕ್ಕಾಸು, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು, ಅಷ್ಟೇ. ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಇದ್ದಾಗ ಜ್ವರ ಬಂದು ಒಂದು ವಾರ ಅಲ್ಲೇ ಚಾಪೆ ಹಾಕಿ ಮಲಗಿಸಿದ್ರು, ಮಾಡ್ಲಿಕ್ಕೆ ಬೇರೆ ಕೆಲಸ ಇಲ್ಲ, ಹಂಚಿನ ಅಡಿಯಲ್ಲಿ ಅಚ್ಚಾಗಿದ್ದ ಇಂಗ್ಲಿಷ್ ಅಕ್ಷರಗಳನ್ನ ಒಂದೊಂದೇ ಕೂಡಿಸಿ ಓದ್ತಿದ್ದೆ. ಬಾಸೆಲ್ ಮಿಷನ್, ಟೈಲ್ ವರ್ಕ್ಸ್, 1865. ಬಾಸೆಲ್ ಅಂದ್ರೆ ಎಂತ ಅಂತ ಕೇಳಿದ್ದಕ್ಕೆ ಅಜ್ಜಿ, ಅದು ಜರ್ಮನ್ ಮಿಷನ್‌ನವರ ಹಂಚು ಮಗಾ, ನನ್ನ ಅಮ್ಮ ಅಲ್ಲಿಗೇ ಕೆಲಸಕ್ಕೆ ಹೋಗ್ತಾ ಇದ್ದದ್ದು ಅಂದಿದ್ರು. ಹಸಿ ಹಂಚನ್ನ ಹಲಗೆ ಮೇಲಿಟ್ಟು ಹೊತ್ತುಕೊಂಡು ಹೋಗಿ ನೆರಳಲ್ಲಿ ಒಣಗಲಿಕ್ಕೆ ಇಡುವ ಕೆಲಸ ಅಂತೆ. ಗಾಜಿನ ಹಂಚಿನ ಪಕ್ಕದ ಒಂದು ಹಂಚಲ್ಲಿ ಯಾರದೋ ಬೆರಳಿನ ಗುರುತು ಇತ್ತು, ಹಸಿ ಮಣ್ಣು ಹಿಡಿದು ಎತ್ತುವಾಗ ಒತ್ತಿ ಹೋದದ್ದು, ಮೂರು ಬೆರಳು ಸ್ಪಷ್ಟ, ನಾಲ್ಕನೇದು ಅರ್ಧ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣ್ತಿತ್ತು. ಅದು ಅಜ್ಜಿಯ ಅಮ್ಮನ ಕೈಯೇ ಅಂತ ನಾನು ನಂಬಿಕೊಂಡಿದ್ದೆ, ಅಜ್ಜಿ ಹೌದು ಅಂತಲೂ ಹೇಳಲಿಲ್ಲ ಅಲ್ಲ ಅಂತಲೂ ಹೇಳಲಿಲ್ಲ.

ಹಾಗಾಗಿ ಈ ಮೇ ತಿಂಗಳಲ್ಲಿ ಆಫೀಸ್ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗ್ಬೇಕು ಅಂತ ಬಂದಾಗ ನಂಗೆ ಆದ ಸಂತೋಷ ಅಲ್ಲಿನ ಕೆಲಸದ ಬಗ್ಗೆ ಅಂತೂ ಅಲ್ಲ. ನಾಲ್ಕು ದಿನ ಮೀಟಿಂಗು, ಶನಿವಾರ ಒಂದು ಇಡೀ ದಿನ ನಂದೇ. ಅದೇ ವಾರ ಊರಲ್ಲಿ ಅಜ್ಜಿ ಮನೆ ಮಾಡಿನ, ಅಂದ್ರೆ ಚಾವಣಿಯ, ವಿಷಯ ಬೇರೆ ನಡೀತಾ ಇತ್ತು, ಅಜ್ಜಿ ತೀರಿಕೊಂಡು ಹನ್ನೊಂದು ವರ್ಷ, ಈಗ ಅಲ್ಲಿ ಅಮ್ಮ ಒಬ್ಬರೇ ಇರೋದು, ಹೋದ ಮಳೆಗಾಲ ಎರಡು ಕೋಣೆ ಸೋರಿದೆ, ಅಣ್ಣ ಹಂಚೆಲ್ಲ ಇಳಿಸಿ ಶೀಟ್ ಹಾಕಿಸುವ ಅಂತಾನೆ, ಅವನು ಹೇಳೋದ್ರಲ್ಲೂ ತಪ್ಪಿಲ್ಲ, ವರ್ಷ ವರ್ಷ ಹಂಚು ಕೈಯಾಡಿಸ್ಲಿಕ್ಕೆ ಜನ ಸಿಗೋದಿಲ್ಲ, ಸಿಕ್ಕಿದ್ರೂ ಹಳೇ ಹಂಚು ಸಿಗೋದಿಲ್ಲ. ನೀನು ಎಂತ ಹೇಳ್ತಿ ಅಂತ ಫ್ಯಾಮಿಲಿ ಗ್ರೂಪಲ್ಲಿ ಕೇಳಿದ್ದ. ನಾನು ಉತ್ತರ ಕೊಡದೆ ವಿಮಾನ ಹತ್ತಿದ್ದೆ.

ಬಾಸೆಲ್‌ನ ದೊಡ್ಡ ಚರ್ಚಿಗೆ ಮ್ಯೂನ್‌ಸ್ಟರ್ ಅಂತಾರೆ. ರೈನ್ ನದಿ ಊರಿನ ಮಧ್ಯೆ ಒಂದು ದೊಡ್ಡ ತಿರುವು ತಗೊಳ್ಳುತ್ತೆ, ಆ ತಿರುವಿನ ಎತ್ತರದ ದಂಡೆ ಮೇಲೆ ಕೆಂಪು ಕಲ್ಲಿನ ಚರ್ಚು. ಟ್ರಾಮಲ್ಲಿ ಹೋಗಬಹುದು, ಆದ್ರೆ ನಾನು ಆಚೆ ದಡದಿಂದ ಕಡವಿನ ದೋಣಿಯಲ್ಲಿ ಹೋದೆ. ಆ ದೋಣಿಯನ್ನ ನೋಡ್ಲೇಬೇಕು. ನದಿಗೆ ಅಡ್ಡ ಒಂದು ಉಕ್ಕಿನ ಹಗ್ಗ ಕಟ್ಟಿದ್ದಾರೆ, ದೋಣಿ ಅದಕ್ಕೆ ಇನ್ನೊಂದು ಹಗ್ಗದಲ್ಲಿ ಸೇರಿಕೊಂಡಿದೆ, ಎಂಜಿನ್ ಇಲ್ಲ ಹುಟ್ಟು ಇಲ್ಲ. ಅಂಬಿಗ ಚುಕ್ಕಾಣಿ ತಿರುಗಿಸಿ ದೋಣಿಯನ್ನ ಸ್ವಲ್ಪ ಓರೆ ಮಾಡ್ತಾನೆ, ನೀರಿನ ಸೆಳೆತವೇ ಅದನ್ನ ದೂಡಿಕೊಂಡು ಆಚೆ ದಡಕ್ಕೆ ಮುಟ್ಟಿಸುತ್ತೆ. ನೇತ್ರಾವತಿ ಕಡವಲ್ಲಿ ಮಳೆಗಾಲದ ನೀರಿನ ಜೊತೆ ಗುದ್ದಾಡಿಕೊಂಡು ದೋಣಿ ದಾಟಿಸ್ತಿದ್ದವರನ್ನ ನೋಡಿ ಬೆಳೆದ ನಂಗೆ ಅದೇ ಸೆಳೆತದ ಕೈಲೇ ಕೆಲಸ ಮಾಡಿಸಿಕೊಳ್ಳೋದು ನೋಡಿ ತುಂಬ ಖುಷಿಯಾಯ್ತು. ಶಬ್ದ ಅಂದ್ರೆ ನೀರಿಂದು ಮಾತ್ರ. ಆಚೆ ಇಳಿದು ಮೆಟ್ಟಿಲು ಹತ್ತಿದ್ರೆ ಫಾಲ್ಟ್ಸ್ ಅನ್ನೋ ಜಗಲಿಯಂಥ ಕಟ್ಟೆ, ಚರ್ಚಿನ ಹಿಂಬದಿ, ಅಂದ್ರೆ ಗರ್ಭಗುಡಿಯ ಬೆನ್ನು.

ಅಲ್ಲಿ ಆನೆ ಇದೆ! ನಿಜವಾಗ್ಲೂ. ಕಿಟಕಿಯ ಎರಡೂ ಪಕ್ಕ ಕಂಬ ಹೊತ್ಕೊಂಡು ನಿಂತಿರೋ ಕಲ್ಲಿನ ಆನೆಗಳು, 12ನೇ ಶತಮಾನದ ಕೆಲಸ. ನಮ್ಮ ಬೇಲೂರಿನ ದೇವಸ್ಥಾನ 1117ರದ್ದು, ಹೆಚ್ಚುಕಮ್ಮಿ ಅದೇ ಕಾಲ. ಇಲ್ಲಿ ಕೆತ್ತಿದವನು ಆನೆಯನ್ನ ಕಣ್ಣಲ್ಲಿ ಕಂಡಿರಲಿಕ್ಕಿಲ್ಲ ಅಂತ ನಂಗೆ ಅನ್ನಿಸ್ತು, ಯಾರೋ ಹೇಳಿದ್ದು ಕೇಳಿ, ಯಾವುದೋ ಪುಸ್ತಕದ ಚಿತ್ರ ನೋಡಿ ಮಾಡಿದ್ದಿರಬೇಕು, ಮೈಯಲ್ಲಿ ಆನೆಯ ಭಾರ ಬಂದಿಲ್ಲ. ಆದ್ರೂ ಸೊಂಡಿಲು ಇದೆ, ದೂರದ ಯಾವುದೋ ದೇಶದ ಪ್ರಾಣಿ ದೇವರ ಮನೆಯ ಭಾರ ಹೊರಬೇಕು ಅಂತ ಅವನಿಗೆ ಅನ್ನಿಸಿದೆಯಲ್ಲ, ಅದರ ಎದುರು ನಾನು ಎಷ್ಟೋ ಹೊತ್ತು ಸುಮ್ನೆ ನಿಂತಿದ್ದೆ.

ಈ ಚರ್ಚಿನ ಹಿಂದಿನ ರೂಪ 1019ರಲ್ಲಿ ಪ್ರತಿಷ್ಠೆ ಆಗಿದ್ದು, ಚಕ್ರವರ್ತಿ ಎರಡನೇ ಹೆನ್ರಿ ಎದುರಿಗೇ. ಆಮೇಲೆ ಅದರ ಜಾಗದಲ್ಲೇ ದೊಡ್ಡದು ಕಟ್ಟಿದ್ರು. 1356ರ ಅಕ್ಟೋಬರ್ 18ಕ್ಕೆ ದೊಡ್ಡ ಭೂಕಂಪ ಆಯ್ತು, ಆಲ್ಪ್ಸ್‌ನ ಉತ್ತರಕ್ಕೆ ಅಷ್ಟು ದೊಡ್ಡದು ದಾಖಲೆಯಲ್ಲಿ ಇನ್ನೊಂದಿಲ್ಲ ಅಂತಾರೆ, ಊರಿಗೆ ಊರೇ ಕುಸಿದು ಮೇಲಿಂದ ಬೆಂಕಿ ಬೇರೆ. ಐದು ಗೋಪುರ ಇದ್ದ ಚರ್ಚಿಗೆ ಕೊನೆಗೆ ಉಳಿದದ್ದು ಎರಡೇ. ಏಳು ವರ್ಷದಲ್ಲಿ, 1363ಕ್ಕೆ, ಮುಖ್ಯ ಬಲಿಪೀಠವನ್ನ ಮತ್ತೆ ಪ್ರತಿಷ್ಠೆ ಮಾಡಿದ್ರು, ಆದ್ರೆ ಎರಡನೇ ಗೋಪುರ ಮುಗಿದದ್ದು 1500ರಲ್ಲಿ. ಅಂದ್ರೆ ಭೂಕಂಪ ನೋಡಿದವರ ಮಕ್ಕಳೂ ಮೊಮ್ಮಕ್ಕಳೂ ಚರ್ಚನ್ನ ಪೂರ್ತಿ ಆದ ರೂಪದಲ್ಲಿ ನೋಡಲಿಲ್ಲ. ಅವರು ನೋಡಿದ್ದು ಮರದ ಅಟ್ಟಳಿಗೆ ಕಟ್ಟಿದ ಚರ್ಚನ್ನ, ಅದೇ ಅವರ ಚರ್ಚು.

ಒಳಗೆ ಹೋದ್ರೆ ಖಾಲಿ. ಯುರೋಪಿನ ಬೇರೆ ದೊಡ್ಡ ಚರ್ಚುಗಳಲ್ಲಿ ಮೂರ್ತಿ, ಚಿತ್ರ, ಚಿನ್ನದ ಕೆಲಸ ಅಂತ ಕಣ್ಣಿಗೆ ಪುರುಸೊತ್ತೇ ಇರೋದಿಲ್ಲ, ಇಲ್ಲಿ ಕೆಂಪು ಕಂಬ, ಕಮಾನು, ಬೆಂಚು, ತಣ್ಣನೆ ಗಾಳಿ. ಕಾರಣ 1529ರ ಫೆಬ್ರವರಿ 9. ಚರ್ಚಲ್ಲಿ ಮೂರ್ತಿ ಬೇಡ ಅನ್ನೋ ಪ್ರೊಟೆಸ್ಟೆಂಟ್ ಧರ್ಮ ಸುಧಾರಣೆಯ ಬಿಸಿಯಲ್ಲಿ ಊರಿನ ಜನ ಗುಂಪಾಗಿ ಒಳನುಗ್ಗಿ ಬಲಿಪೀಠ, ಮೂರ್ತಿ, ಪಟ ಎಲ್ಲ ಒಡೆದು ಹಾಕಿದ್ರು, ಒಡೆದ ಮರದ ಚೂರುಗಳನ್ನ ಮಾರನೇ ದಿನ ರಾಶಿ ಹಾಕಿ ಸುಟ್ರು. ಅವರಲ್ಲಿ ಎಷ್ಟೋ ಜನರ ಅಜ್ಜಂದಿರೇ ದುಡ್ಡು ಕೂಡಿಸಿ ಆ ಮೂರ್ತಿಗಳನ್ನ ಮಾಡಿಸಿದ್ದಿರಬಹುದು. ದೇವಸ್ಥಾನದ ಊರಿನವಳು ನಾನು, ಮೂರ್ತಿ ಇಲ್ಲದ ಕಡೆ ಕೈ ಮುಗಿಯೋಕೆ ಕೈಗೆ ದಿಕ್ಕು ಸಿಗೋದಿಲ್ಲ. ಒಂದು ಬೆಂಚಲ್ಲಿ ಕೂತೆ. ಒಂದು ಮೂಲೆಯಲ್ಲಿ ವಯಸ್ಸಾದ ಒಬ್ರು ಹೆಂಗಸು ಬ್ಯಾಗನ್ನ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ರು, ಅವರಿಗೆ ದಿಕ್ಕಿನ ತೊಂದರೆ ಏನೂ ಇದ್ದ ಹಾಗೆ ಕಾಣಲಿಲ್ಲ.

ಅದೇ ಸಾಲಲ್ಲಿ ಮುಂದೆ ಒಂದು ಕಂಬಕ್ಕೆ ಕೆಂಪು ಕಲ್ಲಿನ ಫಲಕ, ತುಂಬ ಲ್ಯಾಟಿನ್ ಅಕ್ಷರ. ಎರಾಸ್ಮಸ್‌ನ ಸಮಾಧಿ ಫಲಕ. ಎರಾಸ್ಮಸ್ ಅಂದ್ರೆ ಆ ಕಾಲದ ಯುರೋಪಿಗೆಲ್ಲ ದೊಡ್ಡ ವಿದ್ವಾಂಸ, ಅವನು ಸಿದ್ಧ ಮಾಡಿದ ಬೈಬಲಿನ ಗ್ರೀಕ್ ಹೊಸ ಒಡಂಬಡಿಕೆಯನ್ನ 1516ರಲ್ಲಿ ಇದೇ ಊರಲ್ಲಿ ಫ್ರೋಬೆನ್ ಅನ್ನೋ ಮುದ್ರಕ ಅಚ್ಚು ಹಾಕಿದ್ದು. ಚರ್ಚಿನ ತಪ್ಪುಗಳನ್ನ ಬರೆದು ಬರೆದು ತೋರಿಸಿದವನು, ಆದ್ರೆ ಕ್ಯಾಥೊಲಿಕ್ ಆಗಿಯೇ ಉಳಿದವನು. ಮೂರ್ತಿ ಒಡೆದದ್ದು ಅವನಿಗೆ ಸಹಿಸೋಕಾಗದೆ ಅದೇ 1529ರಲ್ಲಿ ಊರು ಬಿಟ್ಟು ಫ್ರೈಬುರ್ಗ್‌ಗೆ ಹೋದ. ಆರು ವರ್ಷ ಆದ ಮೇಲೆ ವಾಪಸ್ ಬಂದ, 1536ರ ಜುಲೈಯಲ್ಲಿ ಇಲ್ಲೇ ತೀರಿಕೊಂಡ. ಆಗ ಪ್ರೊಟೆಸ್ಟೆಂಟ್ ಆಗಿ ಹೋಗಿದ್ದ ಈ ಚರ್ಚಲ್ಲಿ, ಅವನು ಯಾರ ಕೆಲಸ ನೋಡೋಕಾಗದೆ ಊರು ಬಿಟ್ನೋ ಅದೇ ಜನ, ಈ ಕ್ಯಾಥೊಲಿಕ್ ಮನುಷ್ಯನನ್ನ ಗೌರವದಿಂದ ಮಣ್ಣು ಮಾಡಿದ್ರು. ಅಷ್ಟೆಲ್ಲ ಕಲ್ಲು ಒಡೆದ ಚರ್ಚಲ್ಲಿ ಈ ಒಂದು ಕಲ್ಲು ನಿಂತಿದೆ. ನಂಗೆ ಇಡೀ ಮ್ಯೂನ್‌ಸ್ಟರ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಅನ್ನಿಸ್ತು, ಗೋಪುರಕ್ಕಿಂತಲೂ.

ಅಚ್ಚಿನ ವಿಷಯ ಬಂತಲ್ಲ, ನಮ್ಮ ಕಡೆಯ ಕತೆ ಅಲ್ಲೇ ಶುರು. ಬಾಸೆಲ್ ಮಿಷನ್ ಸ್ಥಾಪನೆ ಆಗಿದ್ದು 1815ರಲ್ಲಿ, ಈ ಚರ್ಚಿಂದ ನಡ್ಕೊಂಡು ಹೋಗುವಷ್ಟು ದೂರದಲ್ಲಿ ಅದರ ಮನೆ ಈಗಲೂ ಇದೆ. ಕಲಿತು ಹೊರಟವರಲ್ಲಿ ತುಂಬ ಜನ ಜರ್ಮನಿಯವರು, ಅದಕ್ಕೇ ನಮ್ಮಲ್ಲಿ ಜರ್ಮನ್ ಮಿಷನ್ ಅನ್ನೋ ಹೆಸರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂರು ಜನ ಮಂಗಳೂರಿಗೆ ಬಂದ್ರು. 1841ರಲ್ಲಿ ಪ್ರೆಸ್ ಬಂತು. 1843ರ ಜುಲೈ 1ಕ್ಕೆ ಮೋಗ್ಲಿಂಗ್ ಕಲ್ಲಚ್ಚಲ್ಲಿ ‘ಮಂಗಳೂರ ಸಮಾಚಾರ’ ತಂದ್ರು, ಕನ್ನಡದ ಮೊದಲ ಪತ್ರಿಕೆ, ನಾವು ಇವತ್ತಿಗೂ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡೋದು ಅದಕ್ಕೇ. ಕಿಟೆಲ್ ಓದಿದ್ದು ಇದೇ ಬಾಸೆಲ್‌ನಲ್ಲಿ, 1853ರಲ್ಲಿ ನಮ್ಮ ಕಡೆ ಬಂದ್ರು, 1894ರಲ್ಲಿ ಸುಮಾರು 70,000 ಶಬ್ದದ ಕನ್ನಡ ನಿಘಂಟು ಮಂಗಳೂರಿನ ಅದೇ ಪ್ರೆಸ್ಸಲ್ಲಿ ಅಚ್ಚಾಯ್ತು. ನಾನು ಇದನ್ನ ಬರೆಯೋವಾಗಲೂ ಒಂದು ಶಬ್ದಕ್ಕೆ ಕಿಟೆಲ್ ತೆಗೆದು ನೋಡಿದೆ.

ಮೇಲೆ ಗೋಪುರಕ್ಕೆ ಹೋಗ್ಬೇಕು ಅಂತ ಟಿಕೆಟ್ ಕೇಳಿದ್ರೆ ಕೌಂಟರಲ್ಲಿ ಇದ್ದವರು ಒಬ್ಬರನ್ನೇ ಬಿಡೋದಿಲ್ಲ, ಕಡಿಮೆ ಅಂದ್ರೆ ಇಬ್ರು ಬೇಕು ಅಂದ್ರು. ಅಷ್ಟು ದೂರ ಬಂದು ಹೀಗಾಯ್ತಲ್ಲ ಅಂತ ನಿಂತಿದ್ದೆ, ಪಕ್ಕದಲ್ಲಿ ಇನ್ನೊಬ್ಬಳು ಕಾಲೇಜು ಹುಡುಗಿಯೂ ಅದೇ ಉತ್ತರ ಕೇಳಿ ನಿಂತಿದ್ಲು, ಒಬ್ಬರ ಮುಖ ಒಬ್ಬರು ನೋಡಿದ್ವಿ, ಆಯ್ತು, ಜೋಡಿಯಾದ್ವಿ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ನಂಗೆ ಜರ್ಮನ್ ಬರೋದಿಲ್ಲ. ಸುರುಳಿ ಮೆಟ್ಟಿಲು, ಒಬ್ಬರು ಮಾತ್ರ ಹಿಡಿಸುವಷ್ಟು ಇಕ್ಕಟ್ಟು, ಸವೆದು ಮಧ್ಯದಲ್ಲಿ ಹಳ್ಳ ಬಿದ್ದ ಕಲ್ಲು, ಅವಳು ಮುಂದೆ ನಾನು ಹಿಂದೆ, ನಂಗೆ ದಮ್ಮು ಕಟ್ಟಿದಾಗೆಲ್ಲ ನಿಂತು ಕಾಯ್ತಿದ್ಲು.

ಮೇಲೆ ಹೋಗಿ ಕೆಳಗೆ ನೋಡ್ತೇನೆ, ಚರ್ಚಿನ ಮಾಡು! ಹೊಳಪು ಕೊಟ್ಟ ಬಣ್ಣ ಬಣ್ಣದ ಹಂಚು, ಹಸಿರು, ಹಳದಿ, ಕೆಂಪು, ವಜ್ರದ ಆಕಾರ ವಜ್ರದ ಆಕಾರ ಸೇರಿಸಿ ಇಡೀ ಇಳಿಜಾರಿಗೆ ಒಂದು ಚಾಪೆ ಹಾಸಿದ ಹಾಗೆ. ಕೆಳಗಿಂದ ನೋಡಿದಾಗ ಬರೇ ಚಿತ್ತಾರ, ಹತ್ತಿರದಿಂದ ನೋಡಿದ್ರೆ ಒಂದೊಂದೂ ಬೇರೆ ಬೇರೆ, ಕೆಲವು ಮಾಸಿದ್ದು, ಕೆಲವು ಪಾಚಿ ಹಿಡಿದದ್ದು, ಮಧ್ಯೆ ನಾಲ್ಕೈದು ಹೊಸತಾಗಿ ಮಿಂಚ್ತಾ ಇದ್ದದ್ದು. ಯಾರೋ ಮೊನ್ನೆ ಮೊನ್ನೆ ಬದಲಿಸಿದ್ದಾರೆ. ನಾನು ಮೊಬೈಲಲ್ಲಿ ಅದನ್ನೇ ಹತ್ತು ಸಲ ಫೋಟೋ ತೆಗೆಯೋದು ನೋಡಿ ಆ ಹುಡುಗಿಗೆ ಆಶ್ಚರ್ಯ, ಎಲ್ಲರೂ ನದಿಯದ್ದು ತೆಗೀತಾರಲ್ಲ. ಅವಳಿಗೆ ಫೋನಲ್ಲಿದ್ದ ಅಜ್ಜಿ ಮನೆ ಹಂಚಿನ ಫೋಟೋ ತೋರಿಸಿದೆ, ಅಕ್ಷರ ದೊಡ್ಡ ಮಾಡಿ. ಅವಳು ಬಾಸೆಲ್ ಅಂತ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದ್ಲು. ತನ್ನ ಊರಿನ ಹೆಸರು, ಏಳೆಂಟು ಸಾವಿರ ಕಿಲೋಮೀಟರ್ ಆಚೆ ಯಾರದೋ ಮಲಗುವ ಜಾಗದ ಮೇಲೆ.

ಅಲ್ಲಿಂದ ಪಶ್ಚಿಮಕ್ಕೆ ಫ್ರಾನ್ಸು ಕಾಣುತ್ತೆ. ಆ ದಿಕ್ಕಲ್ಲಿ ಸುಮಾರು ಮೂವತ್ತು ಕಿಲೋಮೀಟರಿಗೆ ಆಲ್ಟ್‌ಕಿರ್ಶ್ ಅಂತ ಒಂದು ಸಣ್ಣ ಊರಿದೆ, ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಕೂರೋ ಹಂಚಿಗೆ ಪೇಟೆಂಟ್ ಮಾಡಿಸಿದ್ದು ಅಲ್ಲಿ. ಮಂಗಳೂರು ಹಂಚು ಅಂತ ನಾವು ಹೆಮ್ಮೆಯಿಂದ ಹೇಳೋದು ಅದೇ ಜಾತಿಯದ್ದು, ಅಂಚಿಗೆ ಕಾಲುವೆ, ಆ ಕಾಲುವೆಗೆ ಪಕ್ಕದ ಹಂಚಿನ ಏಣು. 1865ರಲ್ಲಿ ಪ್ಲೆಬ್ಸ್ಟ್ ಅನ್ನೋ ಮಿಷನ್‌ನವರು ಮಂಗಳೂರಿನ ಜೆಪ್ಪುವಲ್ಲಿ ನೇತ್ರಾವತಿ ದಡದ ಜೇಡಿ ಮಣ್ಣಿಂದ ಅದನ್ನ ಮಾಡ್ಲಿಕ್ಕೆ ಹಚ್ಚಿದ್ರು. ಅದಕ್ಕೆ ಮೊದಲು ನಮ್ಮಲ್ಲಿ ಮುಳಿಹುಲ್ಲು, ಮಡಲು, ಇದ್ದವರಿಗೆ ನಾಡಹಂಚು. ಇದು ಬಂದ ಮೇಲೆ ಮನೆಗೂ ಇದೇ, ಶಾಲೆಗೂ ಇದೇ, ದೇವಸ್ಥಾನ ಮಸೀದಿ ಇಗರ್ಜಿ ಎಲ್ಲದಕ್ಕೂ ಇದೇ.

ಮಿಷನ್‌ನವರು ಬಂದದ್ದು ಮತ ಹರಡಲಿಕ್ಕೆ, ಅದನ್ನ ಮುಚ್ಚಿಟ್ಟು ಬರೀ ನಿಘಂಟು ಹಂಚು ಅಂತ ಹೊಗಳೋದು ನಂಗೆ ಸರಿ ಕಾಣೋದಿಲ್ಲ. ನಮ್ಮ ದೇವರುಗಳ ಬಗ್ಗೆ ಅವರಲ್ಲಿ ಕೆಲವರು ಬರೆದದ್ದು ಓದಿದ್ರೆ ಮನಸ್ಸಿಗೆ ನೋವಾಗುತ್ತೆ. ಆದ್ರೆ ಮತಾಂತರ ಆದವರನ್ನ ಮನೆಯಿಂದ, ಕುಲಕಸುಬಿಂದ ಹೊರಗೆ ಹಾಕಿದಾಗ ಅವರ ಹೊಟ್ಟೆಪಾಡಿಗೆ ಅಂತಲೇ ನೇಯ್ಗೆ, ಹಂಚು ಎಲ್ಲ ಶುರುವಾಗಿದ್ದು, ಹೊರಗೆ ಹಾಕಿದ್ದು ನಾವು. ಆಮೇಲೆ ಕಾರ್ಖಾನೆ ಬೆಳೆದ ಹಾಗೆ ಎಲ್ಲ ಜಾತಿಯ ಬಡವರೂ ಹೋದ್ರು, ನಮ್ಮ ಅಜ್ಜಿಯ ಅಮ್ಮ ಹೋದ ಹಾಗೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನ ಕಳಿಸಿಬಿಟ್ರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಷ್ಟಾದ್ರೂ ಆ ಹಂಚುಗಳ ಮೇಲೆ ಬಾಸೆಲ್ ಹೆಸರು ಉಳೀತು. ಹಲಗೆ ಹೊತ್ತವರ ಹೆಸರು ಎಲ್ಲೂ ಇಲ್ಲ, ಮೂರೂವರೆ ಬೆರಳು ಬಿಟ್ರೆ.

ಇಳಿದು ಬಂದು ಒಂದು ಸುತ್ತು ಹೊಡೆದೆ. ಗೋಡೆ ಹತ್ತಿರದಿಂದ ನೋಡಿದ್ರೆ ಮರಳುಗಲ್ಲು, ಮೆದು, ಬೆರಳಲ್ಲಿ ಉಜ್ಜಿದ್ರೆ ಪುಡಿ ಹತ್ತುತ್ತೆ. ಮಳೆ, ಹಿಮ, ಪಾರಿವಾಳ, ಗಾಡಿ ಹೊಗೆ, ಎಲ್ಲ ತಿಂತಾ ಇರ್ತವೆ. ಅದಕ್ಕೇ ಇಲ್ಲಿ ಕಲ್ಲುಕುಟಿಗರದ್ದೇ ಒಂದು ಕಾಯಂ ತಂಡ ಇದೆ, 1980ರ ದಶಕದಿಂದ, ವರ್ಷವಿಡೀ ಇದೊಂದೇ ಚರ್ಚಿನ ಕೆಲಸ. ಹಾಳಾದ ಕಲ್ಲಿಗೆ ಮದ್ದು ಮಾಡೋದು, ಆಗೋದೇ ಇಲ್ಲ ಅಂತಾದ್ರೆ ಅದೇ ಅಳತೆಗೆ ಹೊಸತು ಕೆತ್ತಿ ಕೂರಿಸೋದು. ಒಂದು ಕಂಬದ ಬುಡದಲ್ಲಿ ಹಳೇ ಕಲ್ಲಿನ ಮಧ್ಯೆ ಒಂದು ಹೊಸ ತುಂಡು ಕೂತಿತ್ತು, ಪಕ್ಕದ್ದೆಲ್ಲ ಕಪ್ಪಡರಿದ ಕೆಂಪು, ಅದು ಮಾತ್ರ ಹಸಿ ಗುಲಾಬಿ ಬಣ್ಣ, ಉಳಿಯ ಗೀರು ಇನ್ನೂ ಕಾಣೋ ಹಾಗಿತ್ತು. ಬಣ್ಣ ಹಚ್ಚಿ ಹಳೇದರ ಹಾಗೆ ಕಾಣಿಸ್ಲಿಕ್ಕೆ ಹೋಗಿಲ್ಲ. ಐವತ್ತು ವರ್ಷ ಹೋದ್ರೆ ತಾನೇ ಸೇರಿಕೊಳ್ಳುತ್ತೆ.

ನಂಗೆ ನಮ್ಮ ಪತ್ತನಾಜೆ, ಅಂದ್ರೆ ಮೇ ಕೊನೆಯ ಹೊತ್ತಿಗೆ ಬರೋ ತುಳುನಾಡಿನ ಆಚರಣೆ, ಕಳೆದ ಮೇಲಿನ ದಿನಗಳು ನೆನಪಾದವು, ಮಳೆ ಹಿಡಿಯುವ ಮೊದಲು ಮಾಡಿನ ಮೇಲೆ ಇಬ್ರು, ಕೆಳಗೆ ಅಜ್ಜಿ, ಮೇಲಿಂದ ಒಂದೊಂದೇ ಹಂಚು ಕೈ ಬದಲಾಯಿಸ್ತಾ ಇಳೀತಿತ್ತು, ಅಜ್ಜಿ ಪ್ರತಿಯೊಂದನ್ನೂ ಬೆರಳ ಗಂಟಲ್ಲಿ ತಟ್ಟಿ ಕಿವಿಗೆ ಹಿಡೀತಿದ್ರು. ಠಣ್ ಅಂದ್ರೆ ಮೇಲೆ, ಸತ್ತ ಶಬ್ದ ಬಂದ್ರೆ ಪಕ್ಕಕ್ಕೆ, ಬಿರುಕು ಕಣ್ಣಿಗೆ ಕಾಣದಿದ್ರೂ ಶಬ್ದಕ್ಕೆ ಗೊತ್ತಾಗುತ್ತೆ. ಪೊರಕೆಯಲ್ಲಿ ಪಾಚಿ ಗುಡಿಸೋದು, ಗೆದ್ದಲು ಹಿಡಿದ ರೀಪು ತೆಗೆದು ಹಾಕೋದು. ಅದನ್ನೆಲ್ಲ ಬಡವರ ಮನೆಯ ರಿಪೇರಿ ಅಂತಲೇ ನಾನು ನೋಡಿದ್ದು ಇಷ್ಟು ವರ್ಷ. ಸಾವಿರ ವರ್ಷದ ಚರ್ಚಲ್ಲಿ ಸಂಬಳ ಕೊಟ್ಟು ಜನ ಇಟ್ಟು ಮಾಡಿಸೋದೂ ಅದೇ ಕೆಲಸ ಅಲ್ವಾ, ನೋಡೋದು, ತಟ್ಟೋದು, ಹೋದದ್ದನ್ನ ತೆಗೆಯೋದು, ಅಳತೆಗೆ ಸರಿಯಾದ್ದನ್ನ ಕೂರಿಸೋದು.

ಫಾಲ್ಟ್ಸ್ ಕಟ್ಟೆಗೆ ವಾಪಸ್ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಮನೆಯಲ್ಲಿ ನಾವು ತುಳು, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ.

“ಎಂತ ಮಾರಾಯ್ತಿ, ಚರ್ಚಿಗೆ ಹೋದೆಯಾ?”

“ಹೋದೆ ಅಮ್ಮ. ಇಲ್ಲಿ ಮಾಡಿಗೆ ಹಂಚೇ.”

“ಸೋರುವುದಿಲ್ಲವಾ?”

“ಜನ ಇದ್ದಾರೆ ಅದಕ್ಕೆ. ವರ್ಷವಿಡೀ ನೋಡ್ತಾರೆ.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಣ್ಣ ಇವತ್ತು ಮೇಲೆ ಹತ್ತಿಸಿ ನೋಡಿಸಿದ. ಮೂವತ್ತೆರಡು ಒಡೆದಿದೆಯಂತೆ. ಮೂವತ್ತೆರಡಕ್ಕೆ ಶೀಟ್ ಹಾಕುವುದಾ ಅಂತ ನನಗೂ ಕಾಣ್ತದೆ. ಆದ್ರೆ ಬೇರೆ ಫ್ಯಾಕ್ಟರಿಯ ಹಂಚು ಇದಕ್ಕೆ ಸರಿಯಾಗಿ ಕೂರುವುದಿಲ್ಲ, ಮಧ್ಯೆ ಸಂದು ಬಿಡ್ತದೆ.”

“ಹಟ್ಟಿ ತೆಗೆದಾಗ ಇಳಿಸಿ ಇಟ್ಟದ್ದು ಉಂಟಲ್ಲ, ಬಾವಿ ಹತ್ತಿರ?”

“ಉಂಟು. ಅದರ ಮೇಲೆ ಬಳ್ಳಿ ಬೆಳೆದಿದೆ.”

“ಅದರಲ್ಲಿ ಬಾಸೆಲ್ ಮಿಷನ್‌ದು ಎಷ್ಟು ಉಂಟು ನೋಡು. ತಟ್ಟಿ ನೋಡು. ಸಾಕಾಗದಿದ್ರೆ ಹಳೇ ಮನೆ ಕೆಡವುವವರ ಹತ್ತಿರ ಕೇಳುವ, ದುಡ್ಡು ನಾನು ಕಳಿಸ್ತೇನೆ. ಅಣ್ಣನಿಗೂ ನಾನೇ ಹೇಳ್ತೇನೆ.”

“ಈಗಲೇ ನೋಡಬೇಕಾ?”

“ನಾನು ಫೋನ್ ಇಡುವುದಿಲ್ಲ, ನೋಡು.”

ಚಪ್ಪಲಿ ಹಾಕಿದ್ದು ಕೇಳಿತು, ಹಿತ್ತಿಲ ಬಾಗಿಲು ತೆಗೆದದ್ದು ಕೇಳಿತು. ಕೆಳಗೆ ರೈನ್ ನದಿಯಲ್ಲಿ ದೋಣಿ ಓರೆಯಾಗಿ ಈ ಕಡೆ ಬರ್ತಾ ಇತ್ತು, ನಾನು ಕಿವಿಗೆ ಮೊಬೈಲ್ ಒತ್ತಿ ಹಿಡ್ಕೊಂಡು ಆನೆಗಳ ಕೆಳಗೆ ನಿಂತಿದ್ದೆ. ಬಳ್ಳಿ ಎಳೆದ ಸದ್ದು. ಆಮೇಲೆ ಠಣ್. ಒಂಜಿ, ಅಂದ್ರು ಅಮ್ಮ. ಇನ್ನೊಂದು ಠಣ್. ರಡ್ಡ್. ಮೂರನೇದು ಬಿರುಕು ಬಿಟ್ಟದ್ದು ಅಂತ ಇಲ್ಲಿಂದಲೇ ಗೊತ್ತಾಯ್ತು, ಅದನ್ನ ಪಕ್ಕಕ್ಕೆ ಇಟ್ಟ ಶಬ್ದವೂ ಕೇಳಿತು. ಆಮೇಲೆ ಮತ್ತೆ ಠಣ್. ಮೂಜಿ.